ಪ್ರತಿಭಾವಂತರ ಮಿದುಳು: ಎಡ-ಬಲಗಳ ಕೂಡು ವ್ಯವಹಾರ

"ದೊಡ್ಡವನದು ಲೆಕ್ಕದ ತಲೆ, ಗಲ್ಲಾಪೆಟ್ಟಿಗೆಯ ಮುಂದೆ ಕೂರಲಿ, ಚಿಕ್ಕವನದು ಮಾತಿನ ತಲೆ, ಮಾರಾಟ ನೋಡಿಕೊಳ್ಳಲಿ" ಎಂಬ ಮಾತು ವ್ಯಾಪಾರಸ್ಥರ ಮನೆಗಳಲ್ಲಿ ಹೊಸದಲ್ಲ. ಮಕ್ಕಳ ಸ್ವಭಾವವನ್ನು ಕಂಡು ಹಿರಿಯರು ಹೇಳುತ್ತಿದ್ದ ಈ ಮಾತಿಗೆ ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನದ ಹೊದಿಕೆಯೊಂದು ಸೇರಿಕೊಂಡಿದೆ. ಲೆಕ್ಕದವರದು ಎಡ ಮಿದುಳು, ಕಲ್ಪನಾಶಕ್ತಿಯುಳ್ಳವರದು ಬಲ ಮಿದುಳು, ಪ್ರತಿಭಾವಂತರೆಂದರೆ ಬಲ ಮಿದುಳನ್ನು ಎಚ್ಚರಿಸಿಕೊಂಡವರು ಎಂಬ ವಿವರಣೆಯನ್ನು ಶಿಬಿರಗಳಲ್ಲಿಯೂ ಕರಪತ್ರಗಳಲ್ಲಿಯೂ ಕಾಣಬಹುದು. ಇದರ ಆಧಾರದ ಮೇಲೆ ಮಕ್ಕಳ ತರಬೇತಿಗೆ ಶುಲ್ಕ ತೆರಲಾಗುತ್ತಿದೆ, ನೌಕರರನ್ನು ವಿಂಗಡಿಸಲಾಗುತ್ತಿದೆ, ಕೆಲವೊಮ್ಮೆ ಅಂಗಡಿ ಮತ್ತು ಕಾರ್ಖಾನೆಯ ಉತ್ತರಾಧಿಕಾರವನ್ನೂ ನಿರ್ಧರಿಸಲಾಗುತ್ತಿದೆ. ಹಣದ ಜೊತೆಗೆ ಮಕ್ಕಳ ಭವಿಷ್ಯವೂ ಸೇರಿರುವ ಈ ವಿಷಯದಲ್ಲಿ ಸಂಶೋಧನೆಗಳು ನಿಜವಾಗಿ ಏನು ಹೇಳುತ್ತವೆ ಎಂಬುದನ್ನು ತಿಳಿದುಕೊಳ್ಳುವುದು ಪ್ರತಿಯೊಬ್ಬ ವ್ಯವಹಾರಸ್ಥನಿಗೂ ಅಗತ್ಯವಾಗಿದೆ.

ಎರಡು ಗೋಳಾರ್ಧ, ಒಂದು ಸೇತುವೆ

ವಯಸ್ಕ ಮನುಷ್ಯನ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋಗ್ರಾಂ. ಇದರ ಬಹುಭಾಗವು ಎಡ ಮತ್ತು ಬಲ ಎಂಬ ಎರಡು ಗೋಳಾರ್ಧಗಳಾಗಿ ವಿಂಗಡಣೆಗೊಂಡಿದೆ. ಎಡ ಗೋಳಾರ್ಧವು ದೇಹದ ಬಲಭಾಗವನ್ನೂ ಬಲ ಗೋಳಾರ್ಧವು ಎಡಭಾಗವನ್ನೂ ನಿಯಂತ್ರಿಸುತ್ತದೆ. ಇವೆರಡನ್ನೂ ಜೋಡಿಸುವ ನರತಂತುಗಳ ದಪ್ಪ ಕಟ್ಟಿಗೆ ಕಾರ್ಪಸ್ ಕ್ಯಾಲೋಸಮ್ ಎಂದು ಹೆಸರು. ಸುಮಾರು 20 ಕೋಟಿ ತಂತುಗಳಿರುವ ಈ ಸೇತುವೆಯ ಮೂಲಕ ಒಂದು ಬದಿಯ ಮಾಹಿತಿಯು ಕ್ಷಣಾರ್ಧದಲ್ಲಿ ಇನ್ನೊಂದು ಬದಿಗೆ ತಲುಪುತ್ತದೆ.

ಎರಡು ಬದಿಗಳ ಕೆಲಸದಲ್ಲಿ ವ್ಯತ್ಯಾಸವಿದೆ ಎಂಬುದು ನಿಜ. ಮಾತನಾಡುವ ಶಕ್ತಿಯನ್ನು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳಿನ ಎಡ ಮುಂಭಾಗದಲ್ಲಿ ಹಾನಿಯಾಗಿದ್ದುದನ್ನು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ವರದಿ ಮಾಡಿದರು. ಮಾತನ್ನು ಅರ್ಥಮಾಡಿಕೊಳ್ಳುವ ಕ್ರಿಯೆಗೆ ಸಂಬಂಧಿಸಿದ ಮತ್ತೊಂದು ಭಾಗವನ್ನು ಜರ್ಮನಿಯ ಕಾರ್ಲ್ ವೆರ್ನಿಕೆ 1874ರಲ್ಲಿ ಗುರುತಿಸಿದರು. ಅದೂ ಎಡ ಬದಿಯಲ್ಲಿಯೇ ಇತ್ತು. ಬಲಗೈ ಬಳಸುವವರಲ್ಲಿ ಬಹುಪಾಲು ಜನರಿಗೆ ಭಾಷೆಯ ಮುಖ್ಯ ಕೇಂದ್ರಗಳು ಎಡ ಗೋಳಾರ್ಧದಲ್ಲಿರುತ್ತವೆ. ಮುಖಗಳನ್ನು ಗುರುತಿಸುವುದು, ಸ್ಥಳ ಮತ್ತು ಆಕಾರಗಳ ಸಂಬಂಧವನ್ನು ಗ್ರಹಿಸುವುದು, ಮಾತಿನ ಧಾಟಿಯಿಂದ ಭಾವವನ್ನು ಅರಿಯುವುದು ಇವೇ ಮೊದಲಾದ ಕಾರ್ಯಗಳಲ್ಲಿ ಬಲ ಗೋಳಾರ್ಧದ ಪಾಲು ಹೆಚ್ಚು.

ಸೇತುವೆ ಕಡಿದಾಗ ತಿಳಿದದ್ದು

ಸೇತುವೆಯ ಮಹತ್ವವು ಸ್ಪಷ್ಟವಾದದ್ದು ಅದನ್ನು ಕತ್ತರಿಸಿದಾಗ. ಔಷಧಿಗೆ ಬಗ್ಗದ ತೀವ್ರ ಅಪಸ್ಮಾರದಿಂದ ನರಳುತ್ತಿದ್ದ ಕೆಲವು ರೋಗಿಗಳಿಗೆ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಜೋಸೆಫ್ ಬೋಗನ್ ಮತ್ತು ಫಿಲಿಪ್ ವೋಗೆಲ್ ಎಂಬ ವೈದ್ಯರು 1962ರಿಂದ ಈ ಬಗೆಯ ಶಸ್ತ್ರಚಿಕಿತ್ಸೆ ನಡೆಸಿದರು. ರೋಗಿಗಳು ಮೇಲ್ನೋಟಕ್ಕೆ ಮೊದಲಿನಂತೆಯೇ ಇದ್ದರು. ಆದರೆ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ರೋಜರ್ ಸ್ಪೆರಿ ಮತ್ತು ಅವರ ಶಿಷ್ಯ ಮೈಕೆಲ್ ಗಜಾನಿಗ ಅವರನ್ನು ಪರೀಕ್ಷಿಸಿದಾಗ ಬೇರೆಯೇ ಚಿತ್ರ ಕಂಡುಬಂದಿತು. ದೃಷ್ಟಿಯ ಎಡಭಾಗದಲ್ಲಿ, ಎಂದರೆ ಬಲ ಗೋಳಾರ್ಧಕ್ಕೆ ಮಾತ್ರ ತಲುಪುವಂತೆ, ಒಂದು ವಸ್ತುವಿನ ಹೆಸರನ್ನು ತೋರಿಸಿದರೆ ರೋಗಿಯು "ಏನೂ ಕಾಣಲಿಲ್ಲ" ಎನ್ನುತ್ತಿದ್ದನು. ಅದೇ ಕ್ಷಣ ಅವನ ಎಡಗೈ ಆ ವಸ್ತುವನ್ನು ತಡವಿ ಆರಿಸಿಕೊಡುತ್ತಿತ್ತು. ಬಲ ಬದಿಗೆ ವಿಷಯ ತಿಳಿದಿತ್ತು, ಆದರೆ ಹೇಳಲು ಬಾಯಿ ಇರಲಿಲ್ಲ. ಎಡ ಬದಿಗೆ ಬಾಯಿ ಇತ್ತು, ಆದರೆ ಸುದ್ದಿಯೇ ತಲುಪಿರಲಿಲ್ಲ. ಈ ಸಂಶೋಧನೆಗಾಗಿ ಸ್ಪೆರಿಯವರಿಗೆ 1981ರ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ದೊರೆಯಿತು.

1970ರ ದಶಕದ ಉತ್ತರಾರ್ಧದಲ್ಲಿ ಗಜಾನಿಗ ಮತ್ತು ಜೋಸೆಫ್ ಲೆಡೂ ನಡೆಸಿದ ಪರೀಕ್ಷೆಯೊಂದು ವ್ಯವಹಾರಸ್ಥರಿಗೆ ವಿಶೇಷ ಪಾಠವಾಗಿದೆ. ಇಂಥ ಶಸ್ತ್ರಚಿಕಿತ್ಸೆಯಾಗಿದ್ದ ಯುವಕನೊಬ್ಬನ ಎಡ ಗೋಳಾರ್ಧಕ್ಕೆ ಕೋಳಿಯ ಕಾಲುಗುರಿನ ಚಿತ್ರವನ್ನೂ ಬಲ ಗೋಳಾರ್ಧಕ್ಕೆ ಹಿಮ ಬಿದ್ದ ಮನೆಯ ಚಿತ್ರವನ್ನೂ ತೋರಿಸಿ, ಎದುರಿಗಿದ್ದ ಚಿತ್ರಗಳಿಂದ ಹೊಂದುವುದನ್ನು ಆರಿಸುವಂತೆ ಹೇಳಲಾಯಿತು. ಬಲಗೈ ಕೋಳಿಯನ್ನು ಆರಿಸಿತು, ಎಡಗೈ ಹಿಮವನ್ನು ಎತ್ತಿಹಾಕುವ ಸಲಿಕೆಯನ್ನು ಆರಿಸಿತು. ಸಲಿಕೆ ಏಕೆ ಎಂದು ಕೇಳಿದಾಗ ಹಿಮದ ಚಿತ್ರವನ್ನು ಕಾಣದಿದ್ದ ಎಡ ಬದಿಯು ತಡವರಿಸದೆ, ಕೋಳಿಗೂಡನ್ನು ಶುಚಿ ಮಾಡಲು ಸಲಿಕೆ ಬೇಕಲ್ಲವೇ ಎಂಬ ಅರ್ಥದ ಉತ್ತರ ಕೊಟ್ಟಿತು. ಅದು ಬೇಕೆಂದು ಹೇಳಿದ ಸುಳ್ಳಲ್ಲ. ಗೊತ್ತಿಲ್ಲದ ಕಾರಣವನ್ನು ಎಡ ಮಿದುಳು ತಾನೇ ಕಟ್ಟಿ, ತಾನೇ ನಂಬಿತ್ತು. ಗಜಾನಿಗ ಈ ಪ್ರವೃತ್ತಿಗೆ "ವ್ಯಾಖ್ಯಾನಕಾರ" ಎಂಬ ಅರ್ಥದ ಹೆಸರಿಟ್ಟರು. ಖರ್ಚಾಗದ ದಾಸ್ತಾನಿಗೂ ವಸೂಲಾಗದ ಬಾಕಿಗೂ ನುಣುಪಾದ ಕಾರಣಗಳನ್ನು ಕೊಡುವ ಗುಮಾಸ್ತನೊಬ್ಬ ಪ್ರತಿಯೊಬ್ಬರ ತಲೆಯಲ್ಲಿಯೂ ಕುಳಿತಿದ್ದಾನೆ ಎಂದು ಇದನ್ನು ತಿಳಿಯಬಹುದು.

ಜನಪ್ರಿಯ ಕಲ್ಪನೆಯ ಲೆಕ್ಕ ಪರಿಶೋಧನೆ

ಈ ಪ್ರಯೋಗಗಳು ಪ್ರಸಿದ್ಧವಾದಂತೆ ಅವುಗಳಿಂದ ಹೊರಟ ತೀರ್ಮಾನಗಳು ಪುರಾವೆಯನ್ನು ಮೀರಿ ಬೆಳೆದವು. ಯೋಜನೆ ಎಡ ಮಿದುಳಿನದು, ನಿರ್ವಹಣೆ ಬಲ ಮಿದುಳಿನದು ಎಂಬ ವಿಚಾರವನ್ನು ಹೆನ್ರಿ ಮಿಂಟ್ಸ್‌ಬರ್ಗ್ 1976ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಮಂಡಿಸಿದರು. ಅಲ್ಲಿಂದಾಚೆಗೆ "ಎಡ ಮಿದುಳಿನ ಮನುಷ್ಯ, ಬಲ ಮಿದುಳಿನ ಮನುಷ್ಯ" ಎಂಬ ವಿಂಗಡಣೆಯು ವ್ಯವಸ್ಥಾಪಕರ ಶಿಬಿರಗಳಲ್ಲಿ ಬೇರೂರಿತು.

ಈ ವಿಂಗಡಣೆಯನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ನೇರವಾಗಿ ಪರಿಶೀಲಿಸಿದರು. 7ರಿಂದ 29 ವರ್ಷ ವಯಸ್ಸಿನ 1,011 ಮಂದಿಯ ಮಿದುಳಿನ ಚಿತ್ರಗಳನ್ನು, ಪ್ರತಿಯೊಂದನ್ನೂ 7,000ಕ್ಕೂ ಹೆಚ್ಚು ಭಾಗಗಳಾಗಿ ವಿಂಗಡಿಸಿ ಅವರು ಅಧ್ಯಯನ ಮಾಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಭಾಷೆಯಂಥ ಕೆಲವು ಕಾರ್ಯಗಳು ಒಂದು ಬದಿಗೆ ವಾಲಿರುವುದು ನಿಜ. ಆದರೆ ಇಡೀ ಎಡ ಮಿದುಳಿನ ಜಾಲ ಒಬ್ಬನಲ್ಲಿ ಬಲವಾಗಿದೆ, ಇಡೀ ಬಲ ಮಿದುಳಿನ ಜಾಲ ಇನ್ನೊಬ್ಬನಲ್ಲಿ ಬಲವಾಗಿದೆ ಎಂಬುದಕ್ಕೆ ಆಧಾರ ದೊರೆಯಲಿಲ್ಲ. ಕೆಲಸಗಳಲ್ಲಿ ಎಡ-ಬಲಗಳ ಭೇದ ಉಂಟು. ಮನುಷ್ಯರಲ್ಲಿ ಆ ಭೇದ ಇಲ್ಲ.

ಪ್ರತಿಭಾವಂತರಲ್ಲಿ ಕಂಡುಬಂದದ್ದು

ಹಾಗಾದರೆ ಪ್ರತಿಭಾವಂತರ ಮಿದುಳು ಹೇಗೆ ಭಿನ್ನ? ಇದಕ್ಕೆ ಉತ್ತರದ ಒಂದು ಎಳೆಯು ಹರ್ನಾಮ್ ಸಿಂಗ್ ಮತ್ತು ಮೈಕೆಲ್ ಓಬಾಯ್ಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊರೆಯುತ್ತದೆ. ಗಣಿತದಲ್ಲಿ ಅಸಾಧಾರಣರಾದ ಹದಿಹರೆಯದ ಹುಡುಗರು, ಅದೇ ವಯಸ್ಸಿನ ಸಾಮಾನ್ಯ ಹುಡುಗರು ಹಾಗೂ ಕಾಲೇಜು ವಿದ್ಯಾರ್ಥಿಗಳಿಗೆ, ಚಿಕ್ಕ ಅಕ್ಷರಗಳನ್ನು ಜೋಡಿಸಿ ರಚಿಸಿದ ದೊಡ್ಡ ಅಕ್ಷರಗಳನ್ನು ತೋರಿಸಲಾಯಿತು. ಸಾಮಾನ್ಯರಲ್ಲಿ ಚಿಕ್ಕ ಅಕ್ಷರಗಳ ವಿವರವನ್ನು ಎಡ ಬದಿಯೂ ದೊಡ್ಡ ಅಕ್ಷರದ ಸಮಗ್ರ ರೂಪವನ್ನು ಬಲ ಬದಿಯೂ ಬೇಗನೆ ಗುರುತಿಸಿದವು. ಪ್ರತಿಭಾವಂತ ಹುಡುಗರಲ್ಲಿ ಈ ಅಂತರ ಕಾಣಲಿಲ್ಲ. ಅಲ್ಲದೆ ಎರಡೂ ಬದಿಗಳ ಮಾಹಿತಿಯನ್ನು ಕೂಡಿಸಬೇಕಾದ ಸಂದರ್ಭದಲ್ಲಿ ಅವರು ಹೆಚ್ಚು ಚುರುಕಾಗಿದ್ದರು. ಬಲ ಮಿದುಳು ಮಾತ್ರ ಚುರುಕು ಎಂಬುದಕ್ಕಿಂತ, ಎರಡರ ನಡುವಿನ ಕೊಡುಕೊಳ್ಳುವಿಕೆ ಚುರುಕು ಎಂಬುದು ಇಲ್ಲಿಯ ತಾತ್ಪರ್ಯ.

1955ರಲ್ಲಿ ನಿಧನರಾದ ಆಲ್ಬರ್ಟ್ ಐನ್‌ಸ್ಟೈನ್ ಅವರ ಮಿದುಳಿನ ಹಳೆಯ ಛಾಯಾಚಿತ್ರಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಲೇಖನವೂ ಇದೇ ದಿಕ್ಕಿನಲ್ಲಿದೆ. ಹೋಲಿಕೆಗೆ ತೆಗೆದುಕೊಂಡ ವೃದ್ಧರ ಮತ್ತು ತರುಣರ ಮಿದುಳುಗಳಿಗಿಂತ ಅವರ ಕಾರ್ಪಸ್ ಕ್ಯಾಲೋಸಮ್ ಹಲವು ಭಾಗಗಳಲ್ಲಿ ದಪ್ಪವಾಗಿತ್ತು. ಆದರೆ ಒಂದೇ ಮಿದುಳಿನಿಂದ ನಿಯಮ ಮಾಡಲಾಗದು. ಸೇತುವೆ ದಪ್ಪವಿದ್ದುದರಿಂದ ಚಿಂತನೆ ಬೆಳೆಯಿತೋ, ಜೀವಮಾನವಿಡೀ ನಡೆದ ಚಿಂತನೆಯಿಂದ ಸೇತುವೆ ದಪ್ಪವಾಯಿತೋ ಎಂಬುದನ್ನು ಛಾಯಾಚಿತ್ರ ಹೇಳಲಾರದು.

ಇದಕ್ಕೆ ಎದುರಾದ ಉದಾಹರಣೆ ಅಮೆರಿಕದ ಕಿಮ್ ಪೀಕ್ (1951-2009). 1988ರ "ರೇನ್ ಮ್ಯಾನ್" ಚಲನಚಿತ್ರಕ್ಕೆ ಪ್ರೇರಣೆಯಾದ ಇವರಿಗೆ ಹುಟ್ಟಿನಿಂದಲೇ ಕಾರ್ಪಸ್ ಕ್ಯಾಲೋಸಮ್ ಇರಲಿಲ್ಲ. ಸಾವಿರಾರು ಪುಸ್ತಕಗಳ ವಿಷಯ ಇವರಿಗೆ ಬಾಯಿಪಾಠವಾಗಿತ್ತು. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದು ಕಷ್ಟವಾಗಿತ್ತು. ಗಾದೆಯಂಥ ಮಾತಿನ ಒಳ ಅರ್ಥ ಹಿಡಿಯುವುದೂ ಕಷ್ಟವಾಗಿತ್ತು. ನೆನಪಿನ ಉಗ್ರಾಣ ತುಂಬಿರುವುದು ಒಂದು ಸಂಗತಿ, ಅದರಿಂದ ಸರಕು ತೆಗೆದು ವ್ಯವಹಾರ ನಡೆಸುವುದು ಇನ್ನೊಂದು ಸಂಗತಿ ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಲೆಕ್ಕದ ಮಾಂತ್ರಿಕರ ಗುಟ್ಟು

ಮನಗಣಿತವೆಂದೊಡನೆ ಕನ್ನಡಿಗರಿಗೆ ನೆನಪಾಗುವವರು ಬೆಂಗಳೂರಿನಲ್ಲಿ 1929ರಲ್ಲಿ ಜನಿಸಿದ ಶಕುಂತಲಾ ದೇವಿ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಉತ್ತರ ಕೊಟ್ಟವರು ಅವರು. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರ್ಥರ್ ಜೆನ್‌ಸೆನ್ ಎಂಬ ಮನಶ್ಶಾಸ್ತ್ರಜ್ಞ ಅವರನ್ನು ಪರೀಕ್ಷಿಸಿದರು. ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಅಸಾಧಾರಣವೇನೂ ಆಗಿರಲಿಲ್ಲ. ಸಂಖ್ಯೆಗಳ ವಿಷಯದಲ್ಲಿ ಮಾತ್ರ ಅವರು ಎಣೆಯಿಲ್ಲದವರಾಗಿದ್ದರು. ಎಂದರೆ, ಅವರ ಶಕ್ತಿಯು ಇಡೀ ಮಿದುಳಿನ ಸಾಮಾನ್ಯ ವೇಗದಲ್ಲಿರಲಿಲ್ಲ. ಬಾಲ್ಯದಿಂದಲೂ ಸಂಖ್ಯೆಗಳೊಡನೆ ಬೆಳೆಸಿಕೊಂಡ ಗಾಢವಾದ ಒಡನಾಟದಲ್ಲಿತ್ತು.

ಜರ್ಮನಿಯ ರೂಡಿಗರ್ ಗಾಮ್ ಅವರ ಉದಾಹರಣೆ ಇನ್ನೂ ಸ್ಪಷ್ಟವಾದುದು. ಶಾಲೆಯಲ್ಲಿ ಗಣಿತದಲ್ಲಿ ಹಿಂದಿದ್ದ ಇವರು ಸುಮಾರು 20ನೆಯ ವಯಸ್ಸಿನಲ್ಲಿ ಮನಗಣಿತದ ಅಭ್ಯಾಸ ಆರಂಭಿಸಿ, ದಿನಕ್ಕೆ ಹಲವು ಗಂಟೆ ಶ್ರಮಿಸಿ ಪ್ರಸಿದ್ಧರಾದರು. ಅವರು ಲೆಕ್ಕ ಮಾಡುತ್ತಿರುವಾಗ ಮಿದುಳಿನ ಚಟುವಟಿಕೆಯನ್ನು ಅಳೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸಾಮಾನ್ಯರು ಬಳಸುವ ಭಾಗಗಳನ್ನೇ ಗಾಮ್ ಕೂಡ ಬಳಸುತ್ತಿದ್ದರು. ಅವುಗಳ ಜೊತೆಗೆ ದೀರ್ಘಕಾಲದ ನೆನಪಿಗೆ ಸಂಬಂಧಿಸಿದ, ಬಲ ಗೋಳಾರ್ಧದ ಕೆಲವು ಭಾಗಗಳೂ ಅವರಲ್ಲಿ ಕೆಲಸ ಮಾಡುತ್ತಿದ್ದವು. ನಡುವಣ ಉತ್ತರಗಳನ್ನು ಸಾಮಾನ್ಯರು ಕ್ಷಣಿಕ ನೆನಪಿನಲ್ಲಿ ಹಿಡಿದಿಡಲು ಒದ್ದಾಡುವಾಗ, ಗಾಮ್ ಅವುಗಳನ್ನು ದೀರ್ಘ ನೆನಪಿಗೆ ವರ್ಗಾಯಿಸಿ ಬೇಕಾದಾಗ ಹಿಂಪಡೆಯುತ್ತಿದ್ದರು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಸಾಮಾನ್ಯರು ಚೀಟಿಯ ಮೇಲೆ ಗೀಚಿ ಕಳೆದುಕೊಳ್ಳುವುದನ್ನು ಅವರು ಆಗಿಂದಾಗಲೇ ಖಾತೆಗೆ ಏರಿಸುತ್ತಿದ್ದರು. ಈ ಶಕ್ತಿಯು ಹುಟ್ಟಿನಿಂದ ಬಂದುದಲ್ಲ, ಅಭ್ಯಾಸದಿಂದ ಗಳಿಸಿದ್ದು ಎಂಬುದು ಗಮನಾರ್ಹ.

ಅಂದಾಜೂ ಬೇಕು, ಲೆಕ್ಕವೂ ಬೇಕು

ಸಂಖ್ಯೆಗಳೊಡನೆ ಮಿದುಳು ಎರಡು ಬಗೆಯಲ್ಲಿ ವ್ಯವಹರಿಸುತ್ತದೆ ಎಂಬುದನ್ನು ಫ್ರಾನ್ಸಿನ ಸ್ಟಾನಿಸ್ಲಾಸ್ ಡೆಹೇನ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ನಿಖರವಾಗಿ ಕೂಡುವಾಗ ಭಾಷೆಗೆ ಸಂಬಂಧಿಸಿದ ಎಡ ಮುಂಭಾಗವು ಹೆಚ್ಚು ದುಡಿಯುತ್ತದೆ. ಸರಿಸುಮಾರು ಎಷ್ಟಾದೀತು ಎಂದು ಅಂದಾಜು ಮಾಡುವಾಗ ಎರಡೂ ಗೋಳಾರ್ಧಗಳ ಮೇಲ್ಭಾಗದ ಪಾರ್ಶ್ವಗಳು ಚುರುಕಾಗುತ್ತವೆ. ಮಂಡಿಯಲ್ಲಿ ರಾಶಿಯನ್ನು ಕಂಡೊಡನೆ ಇಷ್ಟು ಕ್ವಿಂಟಲ್ ಎನ್ನುವ ಅನುಭವಿ ವ್ಯಾಪಾರಸ್ಥನೂ ಪುಸ್ತಕ ತೆರೆದು ಪೈಸೆಗೆ ಪೈಸೆ ತಾಳೆ ನೋಡುವ ಲೆಕ್ಕಿಗನೂ ಒಂದೇ ತಲೆಯಲ್ಲಿರಬಹುದು, ಇರಬೇಕು.

ಹೊಳಹು ಎಂಬುದೂ ಹೀಗೆಯೇ. ಮಾರ್ಕ್ ಜಂಗ್-ಬೀಮನ್, ಜಾನ್ ಕೂನಿಯೋಸ್ ಮತ್ತಿತರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದಗಳ ಒಗಟಿಗೆ ಉತ್ತರ ಥಟ್ಟನೆ ಹೊಳೆಯುವ ಸುಮಾರು 0.3 ಸೆಕೆಂಡಿನ ಮೊದಲು ಬಲಗಿವಿಯ ಮೇಲಿನ ಭಾಗದಲ್ಲಿ ತೀವ್ರ ವಿದ್ಯುತ್ ಚಟುವಟಿಕೆ ಕಂಡುಬಂದಿತು. ಇದನ್ನೇ ಹಿಡಿದು ಸೃಜನಶೀಲತೆ ಬಲ ಮಿದುಳಿನದು ಎನ್ನುವವರಿದ್ದಾರೆ. ಆದರೆ ಒಗಟನ್ನು ಓದಿ, ಅರ್ಥಮಾಡಿಕೊಂಡು, ಹಲವು ಉತ್ತರಗಳನ್ನು ತೂಗಿ ನೋಡಿದ ಮೇಲಷ್ಟೇ ಆ ಹೊಳಹು ಬರುತ್ತದೆ. ಹೊಳೆದದ್ದು ಸರಿಯೇ ಎಂದು ಆಮೇಲೆ ಪರೀಕ್ಷಿಸಬೇಕಾಗುತ್ತದೆ. ಸ್ವಚ್ಛಂದವಾಗಿ ಕಲ್ಪಿಸುವ ಜಾಲ, ಹತೋಟಿಯಲ್ಲಿಡುವ ಜಾಲ ಮತ್ತು ಮುಖ್ಯವಾದುದನ್ನು ಆರಿಸುವ ಜಾಲ ಈ ಮೂರೂ ಸೃಜನಶೀಲರಲ್ಲಿ ಹೆಚ್ಚು ಹೊಂದಿಕೊಂಡು ಕೆಲಸ ಮಾಡುತ್ತವೆ ಎಂದು ರೋಜರ್ ಬೀಟಿ ಮತ್ತು ಸಂಗಡಿಗರ 2018ರ ಅಧ್ಯಯನ ತಿಳಿಸಿತು. ಈ ಜಾಲಗಳು ಎರಡೂ ಗೋಳಾರ್ಧಗಳಲ್ಲಿ ಹರಡಿವೆ.

ಹಣ ತೆರುವ ಮುನ್ನ

ಮಕ್ಕಳ ಹೆಸರಿನಲ್ಲಿ ಮಾರಾಟವಾಗುವ ಮೂರು ಬಗೆಯ ಸೇವೆಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಮಣಿಚೌಕಟ್ಟಿನ, ಎಂದರೆ ಅಬ್ಯಾಕಸ್‌ನ, ತರಬೇತಿ. ಗುಜರಾತಿನ ವಡೋದರದಲ್ಲಿ 204 ಮಕ್ಕಳನ್ನು ಮೂರು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ತರಬೇತಿ ಪಡೆದ ಮಕ್ಕಳು ಅಂಕಗಣಿತದಲ್ಲಿ ಮುಂದೆ ಬಂದರು; ಆದರೆ ಅವರ ನೆನಪು ಮತ್ತು ಗ್ರಹಣದ ಮೂಲಶಕ್ತಿಯಲ್ಲಿ ಬದಲಾವಣೆ ಕಾಣಲಿಲ್ಲ. ಲೆಕ್ಕ ಕಲಿಯಲೆಂದು ಸೇರಿಸುವುದು ಸರಿ, ಮಿದುಳು ಬದಲಾಗಲೆಂದು ಸೇರಿಸುವುದು ವ್ಯರ್ಥ.

ಎರಡನೆಯದು ಬೆರಳಚ್ಚಿನ ರೇಖೆಗಳಿಂದ ಮಗುವಿನ ಎಡ-ಬಲ ಮಿದುಳಿನ ಸಾಮರ್ಥ್ಯವನ್ನು ಹೇಳುವ ಪರೀಕ್ಷೆ. ಬೆರಳ ರೇಖೆಗಳು ಗರ್ಭದಲ್ಲಿಯೇ ರೂಪುಗೊಂಡು ಹಾಗೆಯೇ ಉಳಿಯುತ್ತವೆ. ಮಿದುಳಾದರೋ ಕಲಿಕೆಯಿಂದ ದಿನೇದಿನೇ ಬದಲಾಗುತ್ತದೆ. ಇವೆರಡಕ್ಕೂ ಗಂಟು ಹಾಕಲು ವಿಜ್ಞಾನವು ಒಪ್ಪಿದ ಆಧಾರವಿಲ್ಲ.

ಮೂರನೆಯದು "ಮಧ್ಯ ಮಿದುಳಿನ ಜಾಗೃತಿ". ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಈ ಪ್ರದರ್ಶನಗಳನ್ನು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಬಹಿರಂಗವಾಗಿ ಪ್ರಶ್ನಿಸಿದವರಲ್ಲಿ ಪ್ರಮುಖರು. ಮೂಗಿನ ಪಕ್ಕದ ಸಂದಿಯಿಂದ ಇಣುಕುವುದೇ ಇದರ ಗುಟ್ಟು. ಮಧ್ಯ ಮಿದುಳು ಕಣ್ಣಿನ ಚಲನೆಯೇ ಮೊದಲಾದ ಕಾರ್ಯಗಳನ್ನು ಹುಟ್ಟಿನಿಂದಲೇ ನಡೆಸುತ್ತಿರುವ ಅಂಗ. ಅದನ್ನು ಹೊಸದಾಗಿ ಎಚ್ಚರಿಸಬೇಕಾದ ಅಗತ್ಯವಿಲ್ಲ. ಶುಲ್ಕ ಹೋದರೆ ಮತ್ತೆ ಗಳಿಸಬಹುದು. ಆದರೆ ಇಣುಕಿ ಓದಿ, ಕಾಣಲಿಲ್ಲವೆಂದು ಹೇಳಲು ಕಲಿತ ಮಗು ಮುಂದೊಂದು ದಿನ ಅಂಗಡಿಯ ಲೆಕ್ಕದಲ್ಲಿಯೂ ಅದನ್ನೇ ಮಾಡೀತು.

ವ್ಯವಹಾರದಲ್ಲಿ ಅನ್ವಯ

ಪ್ರತಿಭಾವಂತರಲ್ಲಿ ತಾನಾಗಿ ನಡೆಯುವ ಈ ಕೂಡು ವ್ಯವಹಾರವನ್ನು ಉಳಿದವರು ಕ್ರಮಬದ್ಧವಾದ ಅಭ್ಯಾಸದಿಂದ ಸ್ವಲ್ಪಮಟ್ಟಿಗಾದರೂ ಸಾಧಿಸಬಹುದು.

1. ಅಂದಾಜನ್ನು ಮೊದಲು ಬರೆದಿಡಬೇಕು. ಉದಾಹರಣೆಗೆ, ಸಣ್ಣ ಕಾರ್ಖಾನೆಯೊಂದರ ಮಾಲೀಕನು 12 ಲಕ್ಷ ರೂಪಾಯಿಯ ಯಂತ್ರವೊಂದು ಎರಡು ವರ್ಷದಲ್ಲಿ ತನ್ನ ಬೆಲೆಯನ್ನು ತೀರಿಸುತ್ತದೆ ಎಂದು ಭಾವಿಸುತ್ತಾನೆ ಎನ್ನೋಣ. ಲೆಕ್ಕ ಹಾಕಿದಾಗ ತಿಂಗಳ ಉಳಿತಾಯ 25,000 ರೂಪಾಯಿ ಮಾತ್ರ. ಬಡ್ಡಿಯನ್ನು ಬಿಟ್ಟರೂ 48 ತಿಂಗಳು ಬೇಕು. ಇಲ್ಲಿ ಅಂದಾಜನ್ನಾಗಲಿ ಲೆಕ್ಕವನ್ನಾಗಲಿ ಕೂಡಲೇ ತಳ್ಳಿಹಾಕಬಾರದು. 24 ಮತ್ತು 48ರ ನಡುವಿನ ಅಂತರ ಎಲ್ಲಿಂದ ಬಂತೆಂದು ಹುಡುಕಬೇಕು. ಹೊಸ ಯಂತ್ರದಿಂದ ಬರಬಹುದಾದ ಹೊಸ ಬೇಡಿಕೆಯನ್ನು ಲೆಕ್ಕವು ಬಿಟ್ಟಿರಬಹುದು, ಅಥವಾ ಯಂತ್ರದ ಮೇಲಿನ ಮೋಹವು ಅಂದಾಜನ್ನು ಹಿಗ್ಗಿಸಿರಬಹುದು.

2. ನಿರ್ಣಯದ ಕಾರಣವನ್ನು ಅದೇ ದಿನ ದಾಖಲಿಸಬೇಕು. ಯಾರಿಗೆ ಏಕೆ ಉದ್ರಿ ಕೊಡಲಾಯಿತು, ಸರಕನ್ನು ಏಕೆ ಹೆಚ್ಚಾಗಿ ಕೊಳ್ಳಲಾಯಿತು ಎಂಬುದನ್ನು ಎರಡು ಸಾಲುಗಳಲ್ಲಿ ದಿನಾಂಕ ಸಹಿತ ಬರೆದಿಟ್ಟು, ಮಾರ್ಚ್ ಕೊನೆಯಲ್ಲಿ ಓದಬೇಕು. ತಲೆಯೊಳಗಿನ ಗುಮಾಸ್ತ ಹೊಸ ಕಾರಣ ಕಟ್ಟುವ ಅವಕಾಶ ಆಗ ಕಡಿಮೆಯಾಗುತ್ತದೆ.

3. ಅಂಕಿಗಳನ್ನು ಚಿತ್ರವಾಗಿಯೂ ನೋಡಬೇಕು. ಬಾಕಿದಾರರ ಪಟ್ಟಿಯನ್ನು 30 ದಿನ, 60 ದಿನ, 90 ದಿನ ಮೀರಿದವು ಎಂದು ವಿಂಗಡಿಸಿ ನಕ್ಷೆಯಲ್ಲಿ ಗುರುತಿಸಿದರೆ, ಹಾಳೆಯಲ್ಲಿ ಅಡಗಿದ್ದ ಅಪಾಯ ಕಣ್ಣಿಗೆ ರಾಚುತ್ತದೆ.

4. ದೊಡ್ಡ ನಿರ್ಣಯಕ್ಕೆ ಒಂದು ರಾತ್ರಿಯ ಬಿಡುವು ಕೊಡಬೇಕು. ಪೂರ್ವ ಸಿದ್ಧತೆ ಇಲ್ಲದ ಬಿಡುವು ಬರಿಯ ಕಾಲಹರಣ. ಎಲ್ಲ ವಿವರಗಳನ್ನು ಓದಿ ಮುಗಿಸಿದ ಮೇಲಿನ ಬಿಡುವಿನಲ್ಲಿ ಹೊಳಹಿಗೆ ಎಡೆಯುಂಟು.

5. ಮಕ್ಕಳನ್ನೂ ನೌಕರರನ್ನೂ ಎಡ, ಬಲ ಎಂದು ಖಾತೆಗೆ ಹಾಕಬಾರದು. ಮಾತಿನಲ್ಲಿ ಚುರುಕಾದವನನ್ನು ಆರು ತಿಂಗಳು ಲೆಕ್ಕದ ಮೇಜಿನಲ್ಲಿಯೂ ಲೆಕ್ಕದಲ್ಲಿ ಚುರುಕಾದವಳನ್ನು ಆರು ತಿಂಗಳು ಗಿರಾಕಿಗಳ ಮುಂದೆಯೂ ಕೂರಿಸುವುದು ಯಾವ ಶಿಬಿರಕ್ಕಿಂತಲೂ ಮೇಲಾದ ತರಬೇತಿ. ವಸೂಲಿಯ ಕಷ್ಟ ತಿಳಿದ ಮಾರಾಟಗಾರ ಉದ್ರಿಗೆ ಮಿತಿ ಹಾಕುತ್ತಾನೆ. ಗಿರಾಕಿಯ ಮುಖ ಕಂಡ ಲೆಕ್ಕಿಗಳು ಅಂಕಿಯ ಹಿಂದಿನ ಮನುಷ್ಯನನ್ನು ಅರಿಯುತ್ತಾಳೆ.

ಪ್ರತಿಯೊಂದು ಖಾತೆಗೂ ಎಡದಲ್ಲಿ ಒಂದು ಬದಿ, ಬಲದಲ್ಲಿ ಒಂದು ಬದಿ ಇರುತ್ತದೆ. ಒಂದೇ ಬದಿಯನ್ನು ಓದಿ ಯಾರೂ ಸಂಸ್ಥೆಯ ಸ್ಥಿತಿಯನ್ನು ಹೇಳಲಾರರು. ಎರಡನ್ನೂ ಕೂಡಿ ಕಳೆದು ಬರುವ ಶಿಲ್ಕೇ ನಿಜವಾದ ಸ್ಥಿತಿ. ಪ್ರತಿಭಾವಂತರ ಮಿದುಳಿನ ಬಗ್ಗೆ ಇದುವರೆಗಿನ ಅಧ್ಯಯನಗಳು ಹೇಳುವುದೂ ಇದನ್ನೇ. ಮನೆಯ ಮಗುವಿನ ಸಾಮರ್ಥ್ಯವನ್ನು ಅಳೆಯುವಾಗಲೂ ವ್ಯಾಪಾರಸ್ಥರು ಈ ಹಳೆಯ ಲೆಕ್ಕದ ನಿಯಮವನ್ನು ಮರೆಯದಿರುವುದು ಒಳಿತು.